ಬುಲೆಟ್ ಕೆಳಗಿನ ರಟ್ಟು

ನಮ್ಮ ಮನೆ ಇರುವುದು ಸಾಗರದಲ್ಲಿ. ಹಿತ್ತಿಲ ಕಡೆ ಒಂದು ಶೆಡ್ಡಿದೆ, ಮೊದಲು ಸೌದೆ ಒಟ್ಟುತ್ತಿದ್ದ ಜಾಗ. ಈಗ ಅಲ್ಲಿ ಅಪ್ಪನ ಎನ್‌ಫೀಲ್ಡ್ ಬುಲೆಟ್ ಬೈಕು ನಿಲ್ಲುತ್ತದೆ. 1976ರ ಗಾಡಿ, ಕಬ್ಬಿಣದ ಬೋರಿನ (ಸಿಲಿಂಡರಿನ) 350 ಸಿಸಿ. ಅಪ್ಪ ಅದನ್ನು 1984ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು, ಅಂದರೆ ನನಗಿಂತ ಮೊದಲೇ ಮನೆಗೆ ಬಂದ ಗಾಡಿ ಅದು. ಅದರ ಕೆಳಗೆ ಯಾವಾಗಲೂ ಒಂದು ರಟ್ಟು ಇರುತ್ತಿತ್ತು. ಟಿವಿಯ ರಟ್ಟಿನ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಆಮೇಲೆ ವಾಷಿಂಗ್ ಮಷೀನಿನ ದೊಡ್ಡ ಡಬ್ಬಿ, ಹೀಗೆ ಮನೆಗೆ ಬಂದದ್ದೆಲ್ಲ ಕೊನೆಗೆ ಬುಲೆಟ್ಟಿನ ಕೆಳಗೆ ಹೋಗಿ ಎಣ್ಣೆ ಕುಡಿದು ಕಪ್ಪಾಗುತ್ತಿತ್ತು. ಚಿಕ್ಕವನಿದ್ದಾಗ ನಾನು ಎಲ್ಲ ಗಾಡಿಗಳೂ ಹೀಗೇ ಅಂದುಕೊಂಡಿದ್ದೆ.

ಎಣ್ಣೆ ಹೊರಗೆ ಬರುವುದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿವೆ ನೋಡಿ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು. ಹಳೆ ಎಂಜಿನ್ ಜೊತೆ ಇದ್ದವರಿಗೆ ಈ ನಾಲ್ಕೂ ಬೇರೆ ಬೇರೆ. ಒಸರುವುದು ಅಂದರೆ ಜೋಡಣೆಯ ಗೆರೆಯ ಉದ್ದಕ್ಕೂ ಬೆವರಿನ ಹಾಗೆ ತೇವ, ಮೇಲೆ ಧೂಳು ಕೂತಿರುತ್ತದೆ, ಅಷ್ಟೆ. ಜಿನುಗಿದರೆ ಬಟ್ಟೆಯಲ್ಲಿ ಒರೆಸಿದ ಮೇಲೂ ಸಂಜೆಗೆ ಮತ್ತೆ ಹೊಳೆಯುತ್ತದೆ. ತೊಟ್ಟಿಕ್ಕಿದರೆ ರಟ್ಟು ಬೇಕು. ಸೋರಿದರೆ ಗಾಡಿ ಓಡಿಸಬಾರದು, ಯಾಕೆಂದರೆ ಹಿಂದಿನ ಟೈರಿಗೆ ಎಣ್ಣೆ ಬಿದ್ದರೆ ತಿರುವಿನಲ್ಲಿ ನೆಲ ಕಾಣಿಸುತ್ತದೆ. ನಮ್ಮ ಬುಲೆಟ್ ಸುಮಾರು ವರ್ಷ ಮೂರನೆಯ ಹಂತದಲ್ಲೇ ಇತ್ತು.

ಆ ತೊಟ್ಟಿಕ್ಕುವುದನ್ನು ನಿಲ್ಲಿಸಲು ಎರಡು ಮಳೆಗಾಲ ಕೂತೆ. ಏನು ಮಾಡಿದೆ, ಎಲ್ಲಿ ತಪ್ಪಿದೆ, ಕೊನೆಗೆ ಏನು ಗೊತ್ತಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹಳೆಯ ಬುಲೆಟ್ ಇಟ್ಟುಕೊಂಡವರು ಯಾರಾದರೂ ಓದಿದರೆ ಒಂದಿಷ್ಟು ಪ್ಯಾಕಿಂಗ್ (ಜೋಡಣೆಯ ಸಂದಿಗೆ ಹಾಕುವ ಹಾಳೆ) ಉಳಿಯುತ್ತದೆ.

"ಬುಲೆಟ್ ಅಂದ್ಮೇಲೆ ಎಣ್ಣೆ ಬಿಡದೆ ಇರತ್ತಾ? ಎಣ್ಣೆ ಬಿಡ್ತಿಲ್ಲ ಅಂದ್ರೆ ಒಳಗೆ ಎಣ್ಣೆನೇ ಇಲ್ಲ ಅಂತ ಅರ್ಥ." ಈ ಮಾತನ್ನು ನಾನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಆ ಮಾತು ಯಾವತ್ತೂ ಇಷ್ಟವಾಗಲಿಲ್ಲ. ಆ ಎಂಜಿನ್ನನ್ನು ಯಾರೋ ಕೂತು, ಯೋಚಿಸಿ, ಗೀಚಿ, ಎರಕ ಹೊಯ್ದು ಮಾಡಿದ್ದಾರೆ. ರಸ್ತೆ ಮೇಲೆ ಎಣ್ಣೆ ಚೆಲ್ಲಲಿ ಅಂತ ಯಾರೂ ಮಾಡಿಲ್ಲ ಅಲ್ವಾ?

ಹಾಗಂತ ಅದರ ವಯಸ್ಸನ್ನೂ ಮರೆಯಬಾರದು. 1976ರ ಗಾಡಿ ಅಂತ ನಾವು ಹೇಳುತ್ತೇವೆ, ಆದರೆ ಆ ಎಂಜಿನ್ನಿನ ಮೂಲ ಇಂಗ್ಲೆಂಡಿನ ರೆಡಿಚ್ ಊರಿನಲ್ಲಿ 1940ರ ದಶಕದ ಕೊನೆಗೆ ರೂಪುಗೊಂಡದ್ದು. 1950ರ ದಶಕದಲ್ಲಿ ನಮ್ಮ ಸೈನ್ಯ ಗಡಿ ಕಾಯಲು 350 ಸಿಸಿಯ ಬುಲೆಟ್‌ಗಳನ್ನು ತರಿಸಿಕೊಂಡಿತು. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು, ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಬಂತು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಇಂಗ್ಲೆಂಡಿನಲ್ಲಿ ಗಾಡಿ ತಯಾರಿಕೆಯೇ 1970ರ ಹೊತ್ತಿಗೆ ನಿಂತಿತು. ತಾಯಿಮನೆ ಬಾಗಿಲು ಹಾಕಿದ ಮೇಲೂ ಮದ್ರಾಸಿನಲ್ಲಿ ಅದೇ ಎಂಜಿನ್ ನಡೆದುಕೊಂಡು ಬಂತು, 2000ನೇ ಇಸವಿ ದಾಟಿದ ಮೇಲೂ. ಆ ಕಾಲದ ಎಂಜಿನ್ ಅಂದರೆ ಒಂದೇ ಗಟ್ಟಿ ಡಬ್ಬಿ ಅಲ್ಲ. ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ದಂಡ ತಿರುಗುವ ಕೆಳಗಿನ ಡಬ್ಬಿ) ನಡುವೆ ಉದ್ದಕ್ಕೆ ಸೀಳಿದ ಎರಡು ಹೋಳು. ಬಲಗಡೆ ಟೈಮಿಂಗ್ ಕವರ್, ವಾಲ್ವ್ ನಡೆಸುವ ಗೇರುಗಳ ಮುಚ್ಚಳ. ಎಡಗಡೆ ಎಂಜಿನ್ನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿನ ಕವರ್. ಬೋರಿನ ಬುಡದಲ್ಲಿ ವಾಲ್ವ್ ಎತ್ತುವ ಟ್ಯಾಪೆಟ್ ನೋಡಲು ಒಂದು ಚಿಕ್ಕ ಬಾಗಿಲು. ಹೆಡ್ಡಿನ ಮೇಲೆ ವಾಲ್ವ್ ಒತ್ತುವ ರಾಕರ್‌ಗಳಿಗೆ ಎರಡು ಕವರ್. ಹೊರಗಿಂದ ಹೆಡ್ಡಿಗೆ ಎಣ್ಣೆ ಒಯ್ಯುವ ಸಣ್ಣ ಪೈಪು. ಹಿಂದೆ ಬೇರೆಯದೇ ಗೇರ್‌ಬಾಕ್ಸು. ಒಂದೊಂದು ಜೋಡಣೆಗೂ ಒಂದು ಪ್ಯಾಕಿಂಗ್, ಒಂದೊಂದು ಬೋಲ್ಟಿಗೂ ಒಂದು ವಾಷರ್. ಎಣ್ಣೆಗೆ ಹೊರಗೆ ಬರಲು ದಾರಿ ಹುಡುಕುವ ಕಷ್ಟವೇ ಇಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಎಲ್ಲಿ ಒದ್ದೆ ಕಂಡಿತೋ ಅಲ್ಲಿ ನಟ್ಟು ಬಿಗಿ ಮಾಡಿದೆ. ಒಂದು ವಾರ ಕಡಿಮೆಯಾದಂತೆ ಅನ್ನಿಸಿತು. ಮತ್ತೆ ಬಂತು. ಇನ್ನೊಂದು ಸುತ್ತು ತಿರುಗಿಸಿದೆ. ಟ್ಯಾಪೆಟ್ ಬಾಗಿಲನ್ನು ಹಿಡಿದಿರುವುದು ನಡುವಿನ ಒಂದೇ ಒಂದು ಸ್ಟಡ್ಡು (ತಲೆಯಿಲ್ಲದ ಬೋಲ್ಟು). ಅದನ್ನು ಜಾಸ್ತಿ ಬಿಗಿ ಮಾಡಿದಷ್ಟೂ ಮುಚ್ಚಳ ನಡುವೆ ತಗ್ಗಿ ಅಂಚು ಏಳುತ್ತದೆ. ಅಂದರೆ ಬಿಗಿ ಮಾಡಿದ್ದೇ ಸೋರಲು ಕಾರಣ. ಒಂದು ದಿನ ನಟ್ಟು ತಿರುಗುತ್ತಲೇ ಹೋಯಿತು, ಬಿಗಿಯಾಗಲಿಲ್ಲ. ಸ್ಟಡ್ಡಿನ ಮರೆ (ತಿರುಪಿನ ಸುರುಳಿ ಗೆರೆ) ಕಿತ್ತುಕೊಂಡು ಬಂದಿತ್ತು. ಕೈಯಲ್ಲಿ ಸ್ಪ್ಯಾನರ್ ಹಿಡಿದು, ಆ ಸಣ್ಣ ಅಲ್ಯೂಮಿನಿಯಂ ಸುರುಳಿ ನೋಡುತ್ತಾ ಕೂತದ್ದು ಚೆನ್ನಾಗಿ ನೆನಪಿದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದು ಒಳಗೆ ಹೊಸ ಮರೆ ಕೂರಿಸಿಕೊಂಡು ಬಂದೆ.

ಅದಾದ ಮೇಲೆ ಬೇರೊಂದು ಊರಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಬಿಟ್ಟೆ. ಅವರು ಎಲ್ಲ ಕವರ್ ಬಿಚ್ಚಿ, ಪ್ಯಾಕಿಂಗ್ ಎರಡೂ ಬದಿಗೆ ಸಿಲಿಕಾನ್ ಅಂಟು ಧಾರಾಳವಾಗಿ ಹಚ್ಚಿ ಕೂರಿಸಿಕೊಟ್ಟರು. ಹೊರಗಡೆ ಅಂಟು ಉಬ್ಬಿ ಬಂದಿದ್ದನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು. ನೋಡಲು ಚೆಂದವಿತ್ತು. ಒಂದು ತಿಂಗಳು ರಟ್ಟು ಒಣಗಿತ್ತು. ಆಮೇಲೆ ಎಣ್ಣೆ ಬದಲಿಸುವಾಗ ಕೆಳಗಿನ ಜಾಲರಿ ತೆಗೆದು ನೋಡಿದರೆ ಅದರಲ್ಲಿ ಶ್ಯಾವಿಗೆಯಂತೆ ಎಳೆ ಎಳೆ ಅಂಟು. ಹೊರಗೆ ಎಷ್ಟು ಉಬ್ಬುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ, ಒಳಗಿನದನ್ನು ಬ್ಲೇಡಿನಿಂದ ಕತ್ತರಿಸುವವರು ಯಾರೂ ಇಲ್ಲ. ಅದು ಕಿತ್ತು ಎಣ್ಣೆ ಹೋಗುವ ಸಣ್ಣ ತೂತಿಗೆ ಸಿಕ್ಕಿಕೊಂಡರೆ ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗಿಗೆ ಎಣ್ಣೆ ಇಲ್ಲ. ರಟ್ಟಿನ ಮೇಲೆ ಬೀಳುವ ಹತ್ತು ತೊಟ್ಟು ಉಳಿಸಲು ಹೋಗಿ ಇಡೀ ಎಂಜಿನ್ ಕಳೆದುಕೊಳ್ಳುವ ಕೆಲಸ ಇದು. ಅವತ್ತು ನಿರ್ಧಾರ ಮಾಡಿದೆ, ಇನ್ನು ನಾನೇ ಬಿಚ್ಚುತ್ತೇನೆ, ನಿಧಾನಕ್ಕೆ, ಒಂದೊಂದೇ.

ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದೇ ಅರ್ಧ ಕೆಲಸ. ಮಲೆನಾಡಿನಲ್ಲಿ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೇಳಬೇಕಾಗಿಲ್ಲ. ಹಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೆಲ್ಲೋ. ನೀರು ರೀಪು ಹಿಡಿದು ಹರಿದು, ಪಕಾಸಿಗೆ ಬಂದು, ಅಲ್ಲಿಂದ ಇಳಿದು ಕೊನೆಗೆ ದೇವರ ಕೋಣೆಯಲ್ಲೇ ಬೀಳುತ್ತದೆ. ಎಂಜಿನ್ನಿನ ಮೇಲೂ ಹಾಗೇ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಬೋರಿನ ರೆಕ್ಕೆಗಳ ಸಂದಿನಲ್ಲಿ ಸುತ್ತುತ್ತದೆ. ರಾಕರ್ ಕವರಿನಲ್ಲಿ ಒಸರಿದ್ದು ಬೋರಿನ ಬುಡದಲ್ಲಿ ಕಾಣುತ್ತದೆ. ಬುಡದ ಪ್ಯಾಕಿಂಗ್ ಹೋಗಿದೆ ಅಂತ ಜನ ಪೂರ್ತಿ ಬೋರ್ ಎತ್ತಿಬಿಡುತ್ತಾರೆ. ಹಾಗಾಗಿ ಒದ್ದೆ ಇರುವುದರಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಯಾವ ಜಾಗ ಇದೆಯೋ ಅದನ್ನು ನೋಡಬೇಕು.

ನಾನು ಮಾಡಿದ್ದು ಇಷ್ಟು. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಇಡೀ ಎಂಜಿನ್ ತಿಕ್ಕಿದೆ. ಆಮೇಲೆ ಸೋಪಿನ ನೀರು. ಎರಡು ದಿನ ಒಣಗಲು ಬಿಟ್ಟೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಎರಡು ದಿನದಲ್ಲಿ ಏನೂ ಒಣಗುವುದಿಲ್ಲ, ಅದಕ್ಕೆ ಹಂಡೆ ಒಲೆಯ ಪಕ್ಕ ಒಣಗಿಸಿದ ಹಳೆ ಪಂಚೆಯಿಂದ ಒರೆಸಿ ಒರೆಸಿ ತೆಗೆದೆ. ಕೊನೆಗೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಎಲ್ಲ ಜೋಡಣೆಗಳ ಮೇಲೂ ಊದಿದೆ. ಎಂಜಿನ್ ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕಾಣುತ್ತಿತ್ತು. ಮಳೆ ನಿಂತ ಒಂದು ಗಂಟೆ ನೋಡಿ ಇಕ್ಕೇರಿವರೆಗೆ ಹೋಗಿ ಬಂದೆ. ಹೋಗಲು ಆರು ಕಿಲೋಮೀಟರ್, ಬರಲು ಆರು. ಅಘೋರೇಶ್ವರನ ಗುಡಿ ಮುಂದೆ ಗಾಡಿ ನಿಲ್ಲಿಸಿ ಟಾರ್ಚ್ ಹಾಕಿ ಕೂತು ನೋಡಿದೆ. ಬಿಳಿ ಪುಡಿಯ ಮೇಲೆ ಕಪ್ಪು ಗೆರೆಗಳು ಮೂಡಿದ್ದವು. ಒಂದು ಟ್ಯಾಪೆಟ್ ಬಾಗಿಲಿನ ಕೆಳಗಿನ ಮೂಲೆಯಿಂದ. ಇನ್ನೊಂದು ಹೆಡ್ಡಿಗೆ ಎಣ್ಣೆ ಒಯ್ಯುವ ಪೈಪಿನ ಬ್ಯಾಂಜೋ ಬೋಲ್ಟಿನಿಂದ, ಅಂದರೆ ಒಳಗೆ ಎಣ್ಣೆ ಹೋಗಲು ತೂತಿರುವ ಬೋಲ್ಟು. ಮೂರನೆಯದು ಟೈಮಿಂಗ್ ಕವರಿನ ಹಿಂಭಾಗದಿಂದ. ನಾಲ್ಕನೆಯದು ಎಡಗಡೆ, ಪ್ರೈಮರಿ ಕವರಿನ ಅಡಿಯಿಂದ. ಮನೆಗೆ ಬಂದು ಹೊಸ ರಟ್ಟು ಹಾಸಿ, ಚಕ್ರ ಎಲ್ಲಿದೆ, ಸ್ಟ್ಯಾಂಡ್ ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ ಮೇಲೆ ತಾರೀಖು ಬರೆದೆ. ಆವತ್ತಿನಿಂದ ರಟ್ಟು ಬರೀ ರಟ್ಟಾಗಿ ಉಳಿಯಲಿಲ್ಲ, ನನ್ನ ಲೆಕ್ಕದ ಪುಸ್ತಕವಾಯಿತು.

ಬ್ಯಾಂಜೋ ಬೋಲ್ಟಿನಿಂದ ಶುರು ಮಾಡಿದೆ, ಅದು ಸುಲಭ. ಅಲ್ಲಿ ತಾಮ್ರದ ವಾಷರ್ ಇರುತ್ತದೆ. ತಾಮ್ರ ಮೊದಲ ಸಲ ಬಿಗಿ ಮಾಡಿದಾಗ ಮೆತ್ತಗೆ ಒತ್ತಿಕೊಂಡು ಕೂರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನೇ ಮತ್ತೆ ಹಾಕಿದರೆ ಹಿಡಿಯುವುದಿಲ್ಲ. ಹಾಗಂತ ಬಿಸಾಡಬೇಕಿಲ್ಲ. ಗ್ಯಾಸ್ ಒಲೆಯ ಉರಿಯಲ್ಲಿ ಇಕ್ಕಳದಿಂದ ಹಿಡಿದು ಕೆಂಪಗಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಉಕ್ಕಿಗೆ ಹೀಗೆ ಮಾಡಿದರೆ ಅದು ಉಲ್ಟಾ ಗಟ್ಟಿಯಾಗುತ್ತದೆ, ತಾಮ್ರದ ಗುಣ ಬೇರೆ. ಅಮ್ಮ ಪಕ್ಕದಲ್ಲಿ ನಿಂತು ಹಾಲಿನ ಪಾತ್ರೆ ಹಿಡಿದು ಕಾಯುತ್ತಿದ್ದರು. ಆ ಪುಟ್ಟ ವಾಷರ್ ಕೆಂಪಗಾಗಿ ನೀರಿನಲ್ಲಿ ಚುಂಯ್ ಅಂದಾಗ ಅವರಿಗೂ ಖುಷಿಯಾಯಿತು.

ಟೈಮಿಂಗ್ ಕವರಿನ ಪ್ಯಾಕಿಂಗ್ ಅಂಗಡಿಯಲ್ಲಿ ಸಿಗುತ್ತದೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದ ಸೆಟ್ಟಿನಲ್ಲಿ ಒಂದು ತೂತು ಅರ್ಧ ಮಿಲಿಮೀಟರ್ ಆಚೀಚೆ ಇತ್ತು. ಅದಕ್ಕೆ ಕೈಯಲ್ಲೇ ಮಾಡಿದೆ. ಈ ಕೆಲಸವನ್ನು ನನಗೆ ತೋರಿಸಿಕೊಟ್ಟವರು ನಮ್ಮ ಪೇಟೆಯ ಹಳೆಯ ಮೇಸ್ತ್ರಿ ಒಬ್ಬರು. ಈಗ ಅಂಗಡಿ ಮುಚ್ಚಿ ಮಗನ ಮನೆಯಲ್ಲಿದ್ದಾರೆ, ಆದರೆ ಫೋನ್ ಮಾಡಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಪ್ಯಾಕಿಂಗ್ ಹಾಳೆಯನ್ನು ಕವರಿನ ಮೇಲೆ ಇಡಬೇಕು. ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಮೇಲೆ ಟಕ ಟಕ ಟಕ ಅಂತ ತಟ್ಟುತ್ತಾ ಹೋಗಬೇಕು. ಹೊಡೆಯಬಾರದು, ತಟ್ಟಬೇಕು. ಕವರಿನ ಅಂಚೇ ಹಾಳೆಯನ್ನು ಕತ್ತರಿಸುತ್ತದೆ. ಬೋಲ್ಟಿನ ತೂತಿಗೆ ಒಂದು ಹಳೆಯ ಬೇರಿಂಗಿನ ಗುಂಡು ಇಟ್ಟು ಮೇಲಿಂದ ಒಂದೇ ಏಟು, ದುಂಡಗೆ ತೂತಾಗುತ್ತದೆ. ಮೊದಲು ಎರಡು ತೂತು ಮಾಡಿ ಅದರಲ್ಲಿ ಬೋಲ್ಟು ಸಿಕ್ಕಿಸಿಬಿಟ್ಟರೆ ಹಾಳೆ ಜಾರುವುದಿಲ್ಲ. ಮೇಸ್ತ್ರಿ ಇದನ್ನು ಹತ್ತು ನಿಮಿಷದಲ್ಲಿ ಮಾಡುತ್ತಿದ್ದರು. ನನಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು, ಮೂರು ಹಾಳೆ ಹರಿದವು. ನಾಲ್ಕನೆಯದು ಸರಿಯಾಗಿ ಬಂದಾಗ ಅದನ್ನು ಬೆಳಕಿಗೆ ಹಿಡಿದು ಸುಮ್ನೆ ನೋಡುತ್ತಾ ನಿಂತೆ. ಬೇರೆ ಯಾರೋ ಮಾಡಿದ ಲೋಹದ ಆಕಾರವನ್ನು ನನ್ನ ಕೈ ಮೊದಲ ಸಲ ಪೂರ್ತಿಯಾಗಿ ಸುತ್ತಿ ಬಂದಿತ್ತು. ಎಲ್ಲಿ ಅಗಲ, ಎಲ್ಲಿ ಕಿರಿದು, ಎಣ್ಣೆ ಯಾವ ತೂತಿನಿಂದ ಬಂದು ಯಾವುದಕ್ಕೆ ಹೋಗುತ್ತದೆ, ಎಲ್ಲವೂ ಕೈಗೆ ಗೊತ್ತಾಗಿತ್ತು.

ಟೈಮಿಂಗ್ ಕವರ್ ಹಾಕುವಾಗ ಒಂದು ಎಚ್ಚರ. ಕವರಿನಿಂದ ಕ್ರ್ಯಾಂಕಿನ ಒಳಕ್ಕೆ ಎಣ್ಣೆ ದಾಟಿಸುವ ಕ್ವಿಲ್ ಬೋಲ್ಟಿನ ಪುಟ್ಟ ಸೀಲ್ ಇದೆಯಲ್ಲ, ಅದನ್ನು ಹೊಸದು ಹಾಕದೆ ಕವರ್ ಮುಚ್ಚಬೇಡಿ. ಅದು ಹೋದರೆ ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ. ಒಳಗೇ ಎಣ್ಣೆ ದಾರಿ ತಪ್ಪುತ್ತದೆ, ಬಿಗ್ ಎಂಡ್ ಒಣಗುತ್ತದೆ. ಕಾಣುವ ಸೋರಿಕೆಗಿಂತ ಅದು ನೂರು ಪಾಲು ಕೆಟ್ಟದ್ದು.

ಟ್ಯಾಪೆಟ್ ಬಾಗಿಲಿನ ಮುಚ್ಚಳವನ್ನು ಗಾಜಿನ ಮೇಲೆ ಇಟ್ಟು ನೋಡಿದೆ. ನಿರೀಕ್ಷೆ ಮಾಡಿದ ಹಾಗೇ ಬಾಳೆಲೆ ದೊನ್ನೆಯ ಥರ ಬಾಗಿತ್ತು. ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿ, ಅಂಚಿನ ಮೇಲೆ ಮಾರ್ಕರಿನಲ್ಲಿ ಗೀಟು ಎಳೆದು, ಎಂಟರ ಆಕಾರದಲ್ಲಿ ಉಜ್ಜಿದೆ. ಗೀಟು ಎಲ್ಲ ಕಡೆ ಸಮನಾಗಿ ಅಳಿಸಿಹೋದರೆ ಮಟ್ಟವಾಗಿದೆ ಅಂತ ಅರ್ಥ. ಮೊದಲು ಎರಡು ತುದಿ ಮಾತ್ರ ಅಳಿಸಿತು. ಎರಡು ಗಂಟೆ ಉಜ್ಜಿದ ಮೇಲೆ ಪೂರ್ತಿ ಬಂತು. ಪ್ರೈಮರಿ ಕವರಿಗೆ ಹೊಸ ರಬ್ಬರ್, ನಡುವಿನ ನಟ್ಟಿಗೆ ಹೊಸ ವಾಷರ್. ಆ ದೊಡ್ಡ ಕವರನ್ನೂ ನಡುವಿನ ಒಂದೇ ನಟ್ಟು ಹಿಡಿದಿರುವುದರಿಂದ ಅಲ್ಲೂ ಬಲ ತೋರಿಸಬಾರದು. ಇನ್ನು ಈ ಗಾಡಿಗಳ ನಟ್ಟು ಬೋಲ್ಟು ಹಳೆ ಇಂಗ್ಲಿಷ್ ಅಳತೆಯವು. 12-13ರ ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆ ಸವೆದು ದುಂಡಗಾಗುತ್ತದೆ. ವಿಟ್‌ವರ್ಥ್ ಅನ್ನುವ ಆ ಹಳೆ ಅಳತೆಯ ಸ್ಪ್ಯಾನರ್ ಸೆಟ್ ಒಂದು ಹುಡುಕಿ ಇಟ್ಟುಕೊಳ್ಳಿ. ಇದಕ್ಕೆ ಖರ್ಚು ಮಾಡಿದ ಹಣಕ್ಕೆ ನಾನು ಯಾವತ್ತೂ ಬೇಸರ ಪಟ್ಟಿಲ್ಲ.

ಎಲ್ಲ ಮುಗಿಸಿ, ಹೊಸ 20ಡಬ್ಲ್ಯು-50 ಎಣ್ಣೆ ಹಾಕಿ, ಪ್ರೈಮರಿಗೆ 420 ಮಿಲಿ ಅಳೆದು ಸುರಿದು, ಗಾಡಿ ಹೊರಗೆ ತೆಗೆದೆ. ಮೊದಲ ದಿನ ರಟ್ಟು ಒಣಗಿತ್ತು. ಎರಡನೇ ದಿನವೂ. ಮೂರನೇ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ರಟ್ಟಿನ ಮೇಲೆ ಮೂರು ಕಪ್ಪು ಚುಕ್ಕಿ.

ಟ್ಯಾಪೆಟ್ ಬಾಗಿಲು, ಟೈಮಿಂಗ್ ಕವರ್, ಜೊತೆಗೆ ಈಗ ರಾಕರ್ ಕವರ್ ಕೂಡ. ಹೊಸ ಪ್ಯಾಕಿಂಗ್, ಮಟ್ಟ ಮಾಡಿದ ಅಂಚು, ಎಲ್ಲ ಇದ್ದೂ. ಆ ದಿನ ನನಗೆ ನಿಜವಾಗಿ ಅಳು ಬರುವಂತಾಯಿತು. ಎರಡು ದಿನ ಗಾಡಿ ಮುಟ್ಟಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ಜಗಲಿಯಲ್ಲಿ ಕೂತು ಅಡಿಕೆ ಹೋಳು ಮಾಡುತ್ತಾ ಶೆಡ್ಡಿನ ಕಡೆ ನೋಡುತ್ತಿದ್ದರು.

ಮೇಸ್ತ್ರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು ಎರಡು ಪ್ರಶ್ನೆ ಕೇಳಿದರು. "ಪ್ರೈಮರಿಲಿ ಎಣ್ಣೆ ಎಷ್ಟಿದೆ ನೋಡಿದ್ರಾ? ಬ್ರೀದರ್ ಬಾಯಿಗೆ ಬೆರಳಿಟ್ಟು ನೋಡಿದ್ರಾ?"

ಪ್ರೈಮರಿಯ ಲೆವೆಲ್ ಸ್ಕ್ರೂ ಬಿಚ್ಚಿದೆ. ಅಳೆದು ಹಾಕಿದ್ದ ಎಣ್ಣೆ ಕಡಿಮೆಯಾಗಿರಬೇಕಿತ್ತು, ಇಲ್ಲವೇ ಅಷ್ಟೇ ಇರಬೇಕಿತ್ತು. ಸ್ಕ್ರೂ ತೆಗೆದದ್ದೇ ಧಾರೆ ಬಂತು. ಜಾಸ್ತಿಯಾಗಿತ್ತು! ಅಂದರೆ ಎಂಜಿನ್ನಿನ ಎಣ್ಣೆಯನ್ನು ಯಾವುದೋ ಬಲ ಕ್ರ್ಯಾಂಕಿನ ಸೀಲ್ ದಾಟಿಸಿ ಪ್ರೈಮರಿಯ ಒಳಕ್ಕೆ ನೂಕುತ್ತಿತ್ತು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ಬ್ರೀದರ್, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು, ಅದರ ತುದಿಗೆ ಬೆರಳಿಟ್ಟೆ. ಅಲ್ಲಿ ಎಂಜಿನ್ ಲಯಕ್ಕೆ ಸರಿಯಾಗಿ ಫುಸ್ ಫುಸ್ ಅಂತ ಗಾಳಿ ತಟ್ಟಬೇಕು. ಏನೂ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನನಗೆ ಇಷ್ಟು ವರ್ಷ ಇದೇ ಅರ್ಥವಾಗಿರಲಿಲ್ಲ. 350 ಬುಲೆಟ್ಟಿನ ಬೋರಿನ ವ್ಯಾಸ 70 ಮಿಲಿಮೀಟರ್, ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90. ಲೆಕ್ಕ ಹಾಕಿದರೆ 346 ಸಿಸಿ. ಪಿಸ್ಟನ್ ಮೇಲೆ ಹೋದಾಗ ಅದರ ಮೇಲಿನ ಗಾಳಿ ಒತ್ತುವುದು ಎಲ್ಲರಿಗೂ ಗೊತ್ತು. ಅದು ಕೆಳಗೆ ಬಂದಾಗ ಕೆಳಗಿನ ಗಾಳಿಯನ್ನೂ ಒತ್ತುತ್ತದೆ. ಒಂದೇ ಸಿಲಿಂಡರ್, ಇನ್ನೊಂದು ಪಿಸ್ಟನ್ ಮೇಲೆ ಹೋಗಿ ಜಾಗ ಮಾಡಿಕೊಡುವುದಿಲ್ಲ. ನಿಮಿಷಕ್ಕೆ 2000 ಸುತ್ತಿನಲ್ಲಿ ಓಡುತ್ತಿದ್ದರೆ ನಿಮಿಷಕ್ಕೆ 2000 ಸಲ 346 ಸಿಸಿ. ಹತ್ತಿರ ಹತ್ತಿರ 700 ಲೀಟರ್ ಗಾಳಿಯ ತಳ್ಳಾಟ, ಆ ಸಣ್ಣ ಡಬ್ಬಿಯೊಳಗೆ. ಅದಕ್ಕೇ ಬ್ರೀದರ್ ಇರುವುದು. ಅದು ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು. ಪಿಸ್ಟನ್ ಕೆಳಗೆ ಬಂದಾಗ ಗಾಳಿ ಹೊರಗೆ ಹೋಗುತ್ತದೆ, ಮೇಲೆ ಹೋದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಕೆಲವು ಸುತ್ತು ಹೀಗಾದರೆ ಒಳಗೆ ಹೊರಗಿಗಿಂತ ಕಡಿಮೆ ಒತ್ತಡ ನಿಲ್ಲುತ್ತದೆ. ಆಗ ಪ್ಯಾಕಿಂಗ್ ಸಂದಿನಲ್ಲಿ ಎಣ್ಣೆ ಹೊರಗೆ ಬರುವ ಬದಲು ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹಳೆಯ ಪ್ಯಾಕಿಂಗ್ ಇದ್ದರೂ ನಡೆಯುತ್ತದೆ. ಆ ಬಾಗಿಲು ಕಟ್ಟಿದರೆ? ಟೈಮಿಂಗ್ ಕವರಿನ ಒಳಗು, ಟ್ಯಾಪೆಟ್ ಜಾಗ, ಪುಶ್‌ರಾಡ್ ಹೋಗುವ ಸುರಂಗ, ರಾಕರ್ ಬಾಕ್ಸು, ಇವೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿಯನ್ನೇ ಹಂಚಿಕೊಂಡ ಕೋಣೆಗಳು. ಒಂದೇ ಮನೆ. ನಡುಮನೆಯಲ್ಲಿ ಹೊಗೆ ತುಂಬಿದರೆ ಎಲ್ಲ ಕೋಣೆಯ ಕಿಟಕಿ ಸಂದಿನಿಂದಲೂ ಹೊಗೆ ಬರುತ್ತದಲ್ಲ, ಹಾಗೆ. ನಾನು ಎರಡು ವರ್ಷ ಕಿಟಕಿ ಸಂದಿಗೆ ಬಟ್ಟೆ ತುರುಕುತ್ತಿದ್ದೆ.

ಸೀಟು ಬಿಚ್ಚಿ ಪೈಪು ಹಿಡಿದು ಹೋದೆ. ಮೊದಲಿನ ಬ್ರೀದರ್ ಈ ಗಾಡಿಯಲ್ಲಿ ಎಂದೋ ಹೋಗಿತ್ತು. ಯಾರೋ ಒಂದು ರಬ್ಬರ್ ಪೈಪು, ಅದರ ತುದಿಗೆ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಹಾಕಿದ್ದರು. ಅದು ತಪ್ಪಲ್ಲ, ಒಳ್ಳೆಯ ವ್ಯವಸ್ಥೆಯೇ. ಆದರೆ ಬ್ಯಾಟರಿ ಡಬ್ಬಿಯ ಹಿಂದೆ ಪೈಪು ಮಡಚಿಕೊಂಡು ಚಪ್ಪಟೆಯಾಗಿತ್ತು. ಕತ್ತರಿಸಿ ನೋಡಿದರೆ ಒಳಗೆ ಗಟ್ಟಿ ಮಜ್ಜಿಗೆಯ ಬಣ್ಣದ ಮಡ್ಡಿ. ಎಣ್ಣೆ ಮತ್ತು ನೀರು ಸೇರಿ ಕಡೆದದ್ದು. ಇದು ನಮ್ಮೂರಿನ ಮಳೆಯ ಕೆಲಸ, ಜೊತೆಗೆ ನನ್ನದೂ. ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬಂದು ಗಾಡಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗದೆ ತಣ್ಣಗಿನ ಪೈಪಿನಲ್ಲಿ ನೀರಾಗಿ ಎಣ್ಣೆ ಜೊತೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾಗಿ ಪೈಪು ತುಂಬಿತ್ತು. ಕೊಕ್ಕಿನ ರಬ್ಬರ್ ಒಣಗಿ ತುಟಿಗಳು ಅಂಟಿಕೊಂಡಿದ್ದವು.

ಹೊಸ ಪೈಪು ಹಾಕಿದೆ, ಸ್ವಲ್ಪ ಅಗಲದ್ದು, ಬಿಸಿ ಎಣ್ಣೆಗೆ ತಡೆಯುವಂಥದ್ದು. ಎಲ್ಲೂ ತಗ್ಗಿ ನೀರು ನಿಲ್ಲದ ಹಾಗೆ ಇಳಿಜಾರಾಗಿ ಕಟ್ಟಿದೆ. ಹೊಸ ಕೊಕ್ಕು. ಇಡೀ ಖರ್ಚು ಒಂದು ಲೀಟರ್ ಎಣ್ಣೆಯ ದುಡ್ಡಿಗಿಂತ ಕಡಿಮೆ. ಸ್ಟಾರ್ಟ್ ಮಾಡಿ ಬೆರಳಿಟ್ಟೆ. ಫುಸ್, ಫುಸ್, ಫುಸ್. ಅಪ್ಪನನ್ನು ಕರೆದೆ. ಅವರು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಬಂದು, ಬಗ್ಗಿ, ಬೆರಳಿಟ್ಟರು. ಸ್ವಲ್ಪ ಹೊತ್ತು ಹಾಗೇ ಇದ್ದರು. "ನಾಡಿ ನೋಡಿದ ಹಾಗಾಯ್ತು" ಅಂದರು.

ಇದೇ ಸಮಯದಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ಈ ಎಂಜಿನ್ನಿನಲ್ಲಿ ಎಣ್ಣೆಯ ತೊಟ್ಟಿ ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಇದೆ, ಆದರೆ ಕ್ರ್ಯಾಂಕ್ ತಿರುಗುವ ಜಾಗ ಬೇರೆ. ಒಂದು ಪಂಪು ತೊಟ್ಟಿಯಿಂದ ಎಣ್ಣೆ ಕಳಿಸುತ್ತದೆ, ಇನ್ನೊಂದು ಕೆಳಗೆ ಬಿದ್ದದ್ದನ್ನು ಎತ್ತಿ ವಾಪಸ್ ತರುತ್ತದೆ. ಗಾಡಿ ಎರಡು ಮೂರು ವಾರ ನಿಂತರೆ ತೊಟ್ಟಿಯ ಎಣ್ಣೆ ಪಂಪಿನ ಸಂದಿನಿಂದ ನಿಧಾನಕ್ಕೆ ಕ್ರ್ಯಾಂಕಿನ ಜಾಗಕ್ಕೆ ಇಳಿಯುತ್ತದೆ. ಆಗ ಅಳತೆ ಕಡ್ಡಿ ಹಾಕಿ ನೋಡಿದರೆ ಎಣ್ಣೆ ಕಡಿಮೆ ಕಾಣುತ್ತದೆ. ನಾನು ಪ್ರತಿ ಸಲ ಅದನ್ನು ನಂಬಿ ಮೇಲಿಂದ ಸುರಿಯುತ್ತಿದ್ದೆ. ಸ್ಟಾರ್ಟ್ ಮಾಡಿದರೆ ಇಳಿದಿದ್ದ ಎಣ್ಣೆ ವಾಪಸ್ ಬಂದು ತೊಟ್ಟಿ ತುಂಬಿ ತುಳುಕುತ್ತಿತ್ತು. ತುಳುಕಿದ್ದು ಎಲ್ಲಿಗೆ ಹೋಗಬೇಕು? ರಟ್ಟಿಗೆ. ಈಗ ಐದು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಅಳೆಯುತ್ತೇನೆ. ವಾರಕ್ಕೆ ಒಂದು ಸಲವಾದರೂ ಇಕ್ಕೇರಿ ದಾಟಿ ಮುಂದೆ ಹೋಗಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಬರುತ್ತೇನೆ. ಎರಡು ಕಿಲೋಮೀಟರಿನ ಪೇಟೆ ಕೆಲಸಕ್ಕೆ ಸೈಕಲ್ ತೆಗೆದುಕೊಳ್ಳುತ್ತೇನೆ.

ಪಿಸ್ಟನ್ ರಿಂಗು ಸವೆದಿದ್ದರೆ ಈ ಯಾವುದೂ ಸಾಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಉರಿದ ಗಾಳಿ ರಿಂಗು ದಾಟಿ ಕೆಳಗೆ ಬರುತ್ತಿದ್ದರೆ ಎಷ್ಟು ಒಳ್ಳೆ ಬ್ರೀದರ್ ಇದ್ದರೂ ಒಳಗಿನ ಒತ್ತಡ ಇಳಿಯುವುದಿಲ್ಲ. ನಮ್ಮದರಲ್ಲಿ ರಿಂಗು ಪರವಾಗಿಲ್ಲ, ಕಿಕ್ಕರ್ ಮೇಲೆ ನಿಂತರೆ ಕಂಪ್ರೆಷನ್ ಹಿಡಿದು ನಿಲ್ಲುತ್ತದೆ.

ಬ್ರೀದರ್ ಬದಲಿಸಿದ ವಾರ ನಾನು ರಾಕರ್ ಕವರ್ ಮುಟ್ಟಲಿಲ್ಲ, ಟ್ಯಾಪೆಟ್ ಬಾಗಿಲು ಬಿಚ್ಚಲಿಲ್ಲ. ಬರೀ ಒರೆಸಿ, ಪೌಡರ್ ಹಾಕಿ ಜೋಗಕ್ಕೆ ಹೋದೆ. ಹೋಗಿ ಬರಲು ಅರವತ್ತು ಕಿಲೋಮೀಟರ್. ತಾಳಗುಪ್ಪ ದಾಟುವಾಗ ಮಳೆ ಹಿಡಿಯಿತು, ಪೌಡರ್ ಎಲ್ಲ ತೊಳೆದುಹೋಯಿತು. ವಾಪಸ್ ಬಂದು ಹೊಸ ರಟ್ಟು ಹಾಸಿ, ತಾರೀಖು ಬರೆದು ಮಲಗಿದೆ. ಬೆಳಿಗ್ಗೆ ರಟ್ಟಿನ ಮೇಲೆ ಗಾಡಿಯಿಂದ ಇಳಿದ ಮಳೆನೀರಿನ ಗುರುತು ಮಾತ್ರ ಇತ್ತು. ಬಗ್ಗಿ ಮೂಸಿ ನೋಡಿದೆ, ನೀರೇ.

ಅದು ಹೋದ ವರ್ಷದ ಆಗಸ್ಟ್. ಹಳೆಯ ರಟ್ಟುಗಳನ್ನು ನಾನು ಬಿಸಾಡಿಲ್ಲ. ಶೆಡ್ಡಿನ ಗೋಡೆಗೆ ಒರಗಿಸಿ ತಾರೀಖಿನ ಪ್ರಕಾರ ಸಾಲಾಗಿ ಇಟ್ಟಿದ್ದೇನೆ. ಕಪ್ಪು ಕೆರೆ, ಆಮೇಲೆ ದೊಡ್ಡ ಚುಕ್ಕಿಗಳು, ಆಮೇಲೆ ಮೂರು ಚುಕ್ಕಿ. ಈಗಿನ ರಟ್ಟಿನಲ್ಲಿ ಒಂದೇ ಒಂದು ಇದೆ, ರೂಪಾಯಿ ಅಗಲದ್ದು, ವಾರಕ್ಕೆ ಒಂದು. ಎಡಗಡೆ ಹಿಂದೆ, ಗೇರ್‌ಬಾಕ್ಸಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ನೇರಕ್ಕೆ. ಬೆರಳಲ್ಲಿ ಮುಟ್ಟಿದರೆ ಎಂಜಿನ್ ಎಣ್ಣೆಗಿಂತ ದಪ್ಪ, ಸ್ವಲ್ಪ ಗ್ರೀಸಿನ ಅಂಟು. ಅಲ್ಲಿಗೆ ಹೋಗಬೇಕಾದರೆ ಪ್ರೈಮರಿ ಕವರ್, ಕ್ಲಚ್ಚು, ಒಳಗಿನ ಕೇಸು ಎಲ್ಲ ತೆಗೆಯಬೇಕು. ಅಪ್ಪನಿಗೆ ಹೇಳಿದೆ. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಇಬ್ಬರೂ ಕೂತು ಬಿಚ್ಚೋಣ ಅಂದರು. ಚುಕ್ಕಿಯ ಪಕ್ಕ ಪೆನ್ಸಿಲಿನಲ್ಲಿ "ಸ್ಪ್ರಾಕೆಟ್ ಹಿಂದಿನ ಸೀಲ್?" ಅಂತ ಬರೆದು, ರಟ್ಟನ್ನು ಮತ್ತೆ ಅದೇ ಗುರುತಿಗೆ ಸರಿಯಾಗಿ ಗಾಡಿ ಕೆಳಗೆ ತಳ್ಳಿದ್ದೇನೆ.